ಲಾಳಿ ಬುಟ್ಟೆ

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಅಮಾವಾಸ್ಯೆಯ ದಿನ ಮಗ್ಗ ಮುಟ್ಟುವಂತಿಲ್ಲ. ಯಾರು ಮಾಡಿದ ಕಟ್ಟಳೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ, "ನಮ್ಮಪ್ಪ ಮುಟ್ತಿರ್ನಿಲ್ಲ" ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಗಂಡಸರು ತಲೆಗೆ ಎಣ್ಣೆ ತಿಕ್ಕಿಕೊಂಡು ಜಗಲಿಯ ಮೇಲೆ ಕೂರುತ್ತಾರೆ. ಹೆಂಗಸರಿಗೆ ಬಿಡುವಿನ ದಿನವೆಂದರೆ ಬಾಕಿ ಬಿದ್ದ ಬಟ್ಟೆ ಒಗೆಯುವ ದಿನ. ಮುತ್ತಯ್ಯನವರ ಮಗಳು ಕುಸುಮ ಮಾತ್ರ ಅವತ್ತು ಬೆಳಗ್ಗೆಯೇ ಮಿಂದು, ತಿಂಡಿ ತಿಂದು, ಒಳಕೋಣೆಯ ಕಂಪ್ಯೂಟರ್ ಮುಂದೆ ಕೂತು, ಹೆಡ್‌ಫೋನ್ ಸಿಕ್ಕಿಸಿಕೊಂಡು, ಬಂದೂಕು ಹಿಡಿದು ಕೋಟೆ ಕಾಯಲು ಹೊರಡುತ್ತಾಳೆ. ಇಪ್ಪತ್ತೊಂಬತ್ತು ವರ್ಷದ ಹೆಣ್ಣುಮಗಳು. ಬೀದಿಯವರು ಏನಂದುಕೊಳ್ಳುತ್ತಾರೆ ಎಂದು ಕೇಳಬೇಡಿ. ಬೀದಿಯವರು ಅಂದುಕೊಳ್ಳದೆ ಬಿಟ್ಟದ್ದು ಯಾವುದಿದೆ?

ಆ ಕಂಪ್ಯೂಟರ್ ಮನೆಗೆ ಬಂದದ್ದು ಆಟಕ್ಕಲ್ಲ, ಹಾಗೆಂದು ಮುತ್ತಯ್ಯನವರು ಇವತ್ತಿಗೂ ನಂಬಿದ್ದಾರೆ. ಸೀರೆಯ ಅಂಚಿಗೂ ಸೆರಗಿಗೂ ಡಿಸೈನ್ ಬರೆಯಲು ಕುಸುಮಳಿಗೆ ಒಂದು ಕಂಪ್ಯೂಟರ್ ಬೇಕಿತ್ತು. ತಮ್ಮ ಮಹದೇವಪ್ರಸಾದ್, ಮನೆಯವರ ಬಾಯಲ್ಲಿ ಪ್ರಸಾದು, ಎಂಟು ವರ್ಷದ ಹಿಂದೆ ಡಿಪ್ಲೊಮಾ ಓದುತ್ತಿದ್ದ. ಯಳಂದೂರಿನಿಂದ ಬಿಡಿಭಾಗ ತಂದು, ತಾನೇ ಜೋಡಿಸಿ, ಒಳಗೆ ಆಟದ ಚಿತ್ರಗಳನ್ನು ಸರಾಗವಾಗಿ ಓಡಿಸುವ ಗ್ರಾಫಿಕ್ಸ್ ಕಾರ್ಡೊಂದನ್ನೂ ಕೂರಿಸಿಬಿಟ್ಟ. "ಅಂಚು ಬರ್ಯಕ್ಕೆ ಇಷ್ಟು ದೊಡ್ ಮಿಷಿನ್ ಯಾಕ್ಲಾ?" ಎಂದು ಮುತ್ತಯ್ಯ ಕೇಳಿದಾಗ "ನವಿಲ್ಗೆ ಗರಿ ಜಾಸ್ತಿ ಅಲ್ವಾ ಅಪ್ಪ" ಎಂದಿದ್ದ. ಅಕ್ಕ ತಮ್ಮ ಇಬ್ಬರೂ ಅಡುಗೆಮನೆಗೆ ಓಡಿ ಬಾಯಿ ಮುಚ್ಚಿಕೊಂಡು ನಕ್ಕಿದ್ದರು.

ಅವರಾಡುವ ಆಟಕ್ಕೆ ಇಂಗ್ಲಿಷಿನಲ್ಲಿ ಮಾರುದ್ದದ ಹೆಸರಿದೆ. ಇವರಿಗೆ ಅದು ಬರೀ ಕೋಟೆ. ಎರಡು ತಂಡ, ಒಂದು ಪಾಳುಬಿದ್ದ ಕೋಟೆ, ಕೊನೆಗೆ ಉಳಿದ ತಂಡ ಗೆದ್ದ ಹಾಗೆ. ಆಟದಲ್ಲಿ ಅವಳ ಹೆಸರು ಹಾಸು, ಅವನ ಹೆಸರು ಹೊಕ್ಕು. ಉದ್ದಕ್ಕೆ ಬಿಗಿದ ನೂಲು ಹಾಸು, ಅಡ್ಡಕ್ಕೆ ಓಡುವ ನೂಲು ಹೊಕ್ಕು, ಎರಡೂ ಸೇರಿದರೇ ಬಟ್ಟೆ. ಪ್ರಸಾದು ಮದುವೆಯಾಗಿ, ಹನೂರಿನ ಬಸ್‌ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ರಿಪೇರಿ ಮತ್ತು ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಹೋದ ಮೇಲೂ ಅಮಾವಾಸ್ಯೆಯ ಆಟ ತಪ್ಪಿರಲಿಲ್ಲ. ಅವನು ಅಲ್ಲಿಂದ, ಇವಳು ಇಲ್ಲಿಂದ. ತಿಂಗಳಲ್ಲಿ ಆ ಒಂದು ದಿನ ಕುಸುಮಳಿಗೆ ತಮ್ಮ ಮನೆಗೆ ಬಂದ ಹಾಗೇ ಇರುತ್ತಿತ್ತು. ಉಳಿದ ದಿನಗಳೆಲ್ಲ ಆ ದಿನಕ್ಕೆ ಕಾಯುವ ದಿನಗಳು.

ಅವರಿಬ್ಬರು ಗೆಲ್ಲುತ್ತಿದ್ದದ್ದು ಒಂದು ಕೂಗಿನಿಂದ. ಅದು ಹುಟ್ಟಿದ್ದು ಮಗ್ಗದ ಮುಂದೆ. ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣದ ಸೀರೆ ನೇಯಲು ಒಬ್ಬರು ಸಾಲದು. ನೇಯುವವರು ಲಾಳಿ ಎಸೆದರೆ, ಅಂಚಿನ ಪಕ್ಕ ಕೂತವರು ಅದನ್ನು ಹಿಡಿದು, ಅಂಚಿನ ನೂಲಿಗೆ ಕೂಡಿಸಿ, ತಿರುಗಿ ಕೊಡಬೇಕು. ಶಾಲೆಯ ರಜೆಯಲ್ಲಿ ಕುಸುಮ ನೇಯಲು, ಪ್ರಸಾದು ಪಕ್ಕಕ್ಕೆ. ಅವನ ಕಣ್ಣು ಯಾವಾಗಲೂ ಬೀದಿಯ ಕಡೆ. ಲಾಳಿ ಕೆಳಗೆ ಬೀಳುವುದು, ನೂಲು ಹರಿಯುವುದು, ಅಪ್ಪ ಬಂದು ಕಿವಿ ಹಿಂಡುವುದು, ಇದೇ ಆಗುತ್ತಿತ್ತು. ತಮ್ಮನ ಕಿವಿ ಉಳಿಸಲೆಂದೇ ಕುಸುಮ ಒಂದು ಉಪಾಯ ಹೂಡಿದಳು. ಎಸೆಯುವ ಮುಂಚೆ "ಲಾಳಿ ಬುಟ್ಟೆ" ಎಂದು ಕೂಗುವಳು. ಅವನು ಕೈ ಚಾಚಿ "ಇಡ್ದೆ" ಎನ್ನಬೇಕು. ಬಿಟ್ಟೆ ಎನ್ನುವುದು ಆ ಕಡೆಯವರ ಬಾಯಲ್ಲಿ ಬುಟ್ಟೆ, ಹಿಡಿದೆ ಎನ್ನುವುದು ಇಡ್ದೆ. ಅವನು "ಇಡ್ದೆ" ಎನ್ನುವವರೆಗೆ ಲಾಳಿ ಅವಳ ಕೈ ಬಿಡುತ್ತಿರಲಿಲ್ಲ.

ಕೋಟೆಯಲ್ಲೂ ಅದೇ ಆಯಿತು. ಬಯಲು ದಾಟಿ ಎದುರಿನ ಗೋಡೆಗೆ ಓಡುವವರು "ಲಾಳಿ ಬುಟ್ಟೆ" ಎನ್ನುತ್ತಾರೆ. ಎದುರಿಗಿದ್ದವರು "ಇಡ್ದೆ" ಎಂದು ಮರೆಯಿಂದ ಹೊರಬಂದು, ಓಡಿಬರುವವರ ಮೇಲೆ ಗುಂಡು ಬೀಳದ ಹಾಗೆ ಕಾಯುತ್ತಾರೆ. ಹಾಗೆ ಕಾಯುವವರ ಮೈ ಶತ್ರುವಿನ ಗುಂಡಿಗೆ ತೆರೆದುಕೊಳ್ಳುತ್ತದೆ, ಅದು ಇದ್ದದ್ದೇ. ಹತ್ತಿರದಲ್ಲಿ ಸುಳಿದಾಡುವ ಶತ್ರುಗಳಿಗೂ ಮಾತು ಕೇಳಿಸುತ್ತದೆ, ಆ ಆಟ ಇರುವುದೇ ಹಾಗೆ. ಕೇಳಿಸಿದರೇನಂತೆ, ಲಾಳಿ ಎಂದರೇನೆಂದು ಪ್ರಪಂಚದಲ್ಲಿ ಇವರಿಬ್ಬರಿಗೆ ಬಿಟ್ಟು ಯಾರಿಗೆ ಗೊತ್ತು?

ಹೀಗಿರುವಾಗ ಹೊಸ ಕೋಟೆ ಬಂತು. ಅದೇ ಕಂಪನಿಯ ಅದೇ ಆಟ, ಇನ್ನೂ ದೊಡ್ಡದು, ಇನ್ನೂ ಚೆಂದ. ಹಳೆಯ ಕೋಟೆಯ ಜನ ಒಬ್ಬೊಬ್ಬರೇ ಗಂಟುಮೂಟೆ ಕಟ್ಟಿಕೊಂಡು ಅತ್ತ ಹೋದರು. ಕುಸುಮ ತನ್ನ ಮಿಷಿನ್‌ನಲ್ಲಿ ಹಾಕಿ ನೋಡಿದರೆ ಪರದೆಯ ಮೇಲೆ ನಾಲ್ಕು ಸಾಲು ಕೆಂಪಕ್ಷರ ಬಂದು, ಈ ಕಾರ್ಡ್ ಸಾಲದು ಎಂದು ಹೇಳಿ, ಎಲ್ಲ ಕಪ್ಪಾಯಿತು.

ಗೌರಿ ಹಬ್ಬಕ್ಕೆ ಪ್ರಸಾದು ಬಂದ. ಹೆಂಡತಿ ಚೈತ್ರ ತವರೂರು ಕೌದಳ್ಳಿಗೆ ಹೋಗಿದ್ದಳು. ಅಕ್ಕನಿಗೆಂದು ಎರಡು ಡಜನ್ ಹಸಿರು ಬಳೆ ತಂದಿದ್ದ. ಹೆಗಲಲ್ಲಿ ಒಂದು ಕಪ್ಪು ಬ್ಯಾಗು. ಕುಸುಮ ಅದನ್ನು ಒಳಗಿಡಲು ಹೋದರೆ "ಬುಡಕ್ಕ, ಅಂಗ್ಡಿ ಸಾಮಾನು, ಒಡ್ದೋದದು" ಎಂದು ತಾನೇ ಎತ್ತಿ ಮಗ್ಗದ ಪಕ್ಕ ಗೋಡೆಗೆ ಒರಗಿಸಿದ.

ಊಟವಾದ ಮೇಲೆ ಅವಳು ಮಾತು ತೆಗೆದಳು. "ಲೋ ಪ್ರಸಾದು, ಒಸ ಕೋಟೆಗೆ ನನ್ ಮಿಷಿನ್ ಸಾಲ್ದಂತೆ ಕಣ್ಲಾ. ಅಪ್‌ಗ್ರೇಡ್ ಮಾಡ್ಸದ?"

"ಅಯ್ಯೋ, ಬ್ಯಾಡ ಕಣಕ್ಕ. ನಿನ್ ಮಿಷಿನ್ ತಡ್ಯಾಕಿಲ್ಲ. ಕಾರ್ಡ್ ಒಂದ್ನೇ ಬದ್ಲಾಯ್ಸಿದ್ರೆ ಆಯ್ತದಾ? ಅದ್ಕೆ ತಕ್ಕಷ್ಟು ಕರೆಂಟ್ ಕೊಡೋ ಎಸ್‌ಎಂಪಿಎಸ್ ಬೇಕು, ಅದ್ಕೆ ತಕ್ಕಂಗೆ ದೊಡ್ ಡಬ್ಬ ಬೇಕು. ದೊಡ್ಡೆತ್ತು ತಂದು ಆಮೇಕೆ ಕೊಟ್ಗೆ ಬಾಗ್ಲು ಒಡ್ಸಿದಂಗಾಯ್ತದೆ."

"ನೀನು?"

"ನಂದೂ ಅದೇ ಅಳೇದು. ನಾನೂ ಮಾಡ್ಸಾಕಿಲ್ಲ. ಆ ಆಟ ಏನೂ ಚೆನ್ನಾಗಿಲ್ವಂತೆ, ಆಡ್ದೋರೆಲ್ಲ ಬಯ್ತಾವ್ರೆ."

"ಅಂಗಾರೆ ಒಂದ್ ಮಾತು. ಮಾಡ್ಸಿದ್ರೆ ಇಬ್ರೂ ಒಟ್ಗೆ. ಇಲ್ದಿದ್ರೆ ಇಬ್ರೂ ಇಲ್ಲ. ಏನಂದಿಯೆ?"

ಪ್ರಸಾದು ಎದ್ದು ಹೋಗಿ ಮಗ್ಗದ ಮರದ ಮೇಲೆ ಅಂಗೈ ಊರಿದ. "ಮಗ್ಗದಾಣೆ ಕಣಕ್ಕ" ಎಂದ.

ಆ ಮನೆಯಲ್ಲಿ ಅದು ಸಣ್ಣ ಆಣೆಯಲ್ಲ. ದೇವರ ಮೇಲೆ ಆಣೆಯಿಟ್ಟು ತಪ್ಪಿದವರನ್ನು ದೇವರು ದೊಡ್ಡ ಮನಸ್ಸು ಮಾಡಿ ಬಿಟ್ಟಾನು, ಅನ್ನ ಕೊಡುವ ಮಗ್ಗ ಬಿಡುವುದಿಲ್ಲ ಎಂದು ಅವರಜ್ಜಿ ಹೇಳುತ್ತಿದ್ದರು. ಕುಸುಮಳಿಗೆ ಹೊಸ ಕೋಟೆಯ ಆಸೆ ಅಲ್ಲಿಗೇ ತಣ್ಣಗಾಯಿತು. ಹಳೆಯ ಕೋಟೆಯಾದರೇನು, ಜೊತೆಗೆ ತಮ್ಮನಿದ್ದಾನಲ್ಲ.

ಮಹಾಲಯ ಅಮಾವಾಸ್ಯೆ ಬಂತು. ಕುಸುಮ ಕೂತು ಕಾದಳು, ಹೊಕ್ಕು ಬರಲಿಲ್ಲ. ಫೋನು ಮಾಡಿದರೆ ಪ್ರಸಾದು ಏದುಸಿರು ಬಿಡುತ್ತಾ, "ಅಮಾಸೆ ಕಣಕ್ಕ, ಮಾದಪ್ಪನ ಬೆಟ್ಟಕ್ಕೋಗೋ ಜನ ಎಲ್ಲ ಇಲ್ಲೇ ಇಳೀತಾವ್ರೆ. ಅಂಗ್ಡೀಲಿ ಕಾಲಿಡಾಕೆ ಜಾಗ್ವಿಲ್ಲ. ಮುಂದಿನ್ ಅಮಾಸೆ ಆಡವ" ಎಂದ. ಅಮಾವಾಸ್ಯೆಗೆ ಬೆಟ್ಟದ ದಾರಿ ಇರುವೆ ಸಾಲಿನ ಹಾಗಿರುತ್ತದೆ ಎಂಬುದು ಸುಳ್ಳಲ್ಲವಲ್ಲ. ದೀಪಾವಳಿ ಅಮಾವಾಸ್ಯೆಗೂ ಅದೇ ಮಾತು, ಕಾರ್ತಿಕದ ಅಮಾವಾಸ್ಯೆಗೂ ಅದೇ ಮಾತು. ದೇವರ ಹೆಸರಿನಲ್ಲಿ ಹೇಳಿದ ನೆವವನ್ನು ಅನುಮಾನಿಸುವುದಾದರೂ ಹೇಗೆ? ಕುಸುಮ ಅನುಮಾನಿಸಲಿಲ್ಲ. ತಮ್ಮನ ಅಂಗಡಿಗೆ ಜನ ಬರುತ್ತಿದ್ದಾರಲ್ಲ ಎಂದು ಹೆಡ್‌ಫೋನ್ ಹಾಕಿಕೊಂಡೇ ಬೆಟ್ಟದ ದಿಕ್ಕಿಗೆ ಕೈ ಮುಗಿದಳು. ಪೆದ್ದಿ ಎನ್ನಿ, ಪರವಾಗಿಲ್ಲ, ಆಮೇಲೆ ಅವಳೂ ಅದನ್ನೇ ಅಂದುಕೊಂಡಳು.

ಹಳೆಯ ಕೋಟೆಯಲ್ಲಿ ಅವಳೊಬ್ಬಳೇ. ಯಾವ ದೇಶದವರೋ ಇಬ್ಬರು ಮೂವರು ಬರುತ್ತಿದ್ದರು, ಅರ್ಧಕ್ಕೇ ಎದ್ದು ಹೋಗುತ್ತಿದ್ದರು. ಅಭ್ಯಾಸಬಲಕ್ಕೆ ಒಮ್ಮೆ "ಲಾಳಿ ಬುಟ್ಟೆ" ಎಂದು ಕೂಗಿ ಓಡಿದಳು. ಹಿಡಿಯುವವರು ಯಾರು? ಬಯಲಿನ ನಡುವೆಯೇ ಬಿದ್ದಳು.

ಆಗ ಅವಳಿಗೊಂದು ಯೋಚನೆ ಬಂತು. ಆಣೆ ಇದ್ದದ್ದು ಒಬ್ಬರೇ ಮಾಡಿಸಬಾರದು ಎಂದು ತಾನೇ? ಇಬ್ಬರದ್ದೂ ಒಟ್ಟಿಗೆ ಮಾಡಿಸಿಬಿಟ್ಟರೆ? ಯುಗಾದಿಗೆ ಕಿವಿಗೆ ಜೋಡಿ ಓಲೆ ತಗೊಳ್ಳಬೇಕೆಂದು ಅವಳು ದುಡ್ಡು ಕೂಡಿಟ್ಟಿದ್ದಳು. ಓಲೆ ಇನ್ನೊಂದು ಯುಗಾದಿಗೆ ಬರುತ್ತದೆ. ಸೆಕೆಂಡ್ ಹ್ಯಾಂಡ್ ಕಾರ್ಡ್ ಎರಡು ತಂದು, ಒಂದನ್ನು ಹನೂರಿಗೆ ಒಯ್ದು ಅವನ ಕೈಗಿಟ್ಟರೆ ಹೇಗಿರುತ್ತದೆ? ಕೆಲಸದ ನಡುವೆ ಅವನ ಮುಖ ನೆನೆಸಿಕೊಂಡು ಒಬ್ಬಳೇ ನಕ್ಕಳು. ಅಂಚಿನ ಪಕ್ಕ ಕೂತಿದ್ದ ಅವ್ವ ಸೋಮಮ್ಮ "ಏನಮ್ಮಿ, ಲಾಳಿ ಕೊಡದ್ ಬುಟ್ಟು ನಗ್ತಾ ಕುಂತಿದ್ದಿಯೆ?" ಎಂದರು.

ಯಾವ ಕಾರ್ಡಿನಲ್ಲಿ ಹೊಸ ಕೋಟೆ ಚೆನ್ನಾಗಿ ಓಡುತ್ತದೆ ಎಂದು ನೋಡಲು ಕುಸುಮ ಮಧ್ಯಾಹ್ನದ ಬಿಡುವಿನಲ್ಲಿ ವಿಡಿಯೊ ಹುಡುಕತೊಡಗಿದಳು. ನಮ್ಮವರು ಯಾರಾದರೂ ಕನ್ನಡದಲ್ಲಿ ಹೇಳಿದ್ದಾರೆಯೇ ಎಂದು ನೋಡಿದರೆ 'ಕೌದಳ್ಳಿ ಕಿಂಗ್' ಎಂಬ ಹೆಸರು ಸಿಕ್ಕಿತು. ಮೂಲೆಯಲ್ಲಿ ಮುಖ ಕಾಣುತ್ತಿತ್ತು. ಮೋಹನ್, ಚೈತ್ರಳ ತಮ್ಮ. ಪ್ರಸಾದುವಿನ ಮದುವೆಯಲ್ಲಿ ಇವಳ ಕೈಯಿಂದಲೇ ಜಾಮೂನು ಬಡಿಸಿಕೊಂಡು ತಿಂದವನು. ಅರೆ, ಇವನೂ ಆಡುತ್ತಾನೆಯೇ ಎಂದು ಖುಷಿಯಾಯಿತು.

ಮೂರು ನಿಮಿಷ ಖುಷಿಯಾಗಿತ್ತು. ಆಮೇಲೆ ಹೆಡ್‌ಫೋನಿನಲ್ಲಿ ಕೇಳಿಸಿತು.

"ಲಾಳಿ ಬುಟ್ಟೆ!"

"ಇಡ್ದೆ, ಬಾವ!"

ಕುಸುಮ ವಿಡಿಯೊ ನಿಲ್ಲಿಸಿದಳು. ಹಿಂದಕ್ಕೆ ಸರಿಸಿ ಮತ್ತೆ ಹಾಕಿದಳು. ಮೊದಲ ದನಿ ಪ್ರಸಾದುವಿನದು, ಎರಡನೆಯದು ಮೋಹನ್‌ನದು. ಆಟದಲ್ಲಿ ಪ್ರಸಾದು ಈಗ ಹೊಕ್ಕು ಅಲ್ಲ, 'ಹನೂರು ಹುಲಿ'. ಹುಲಿಯಂತೆ! ಕತ್ತಲಲ್ಲಿ ಹಿತ್ತಲಿಗೆ ಹೋಗಲು ಅಕ್ಕನನ್ನು ಎಬ್ಬಿಸುತ್ತಿದ್ದ ಹುಲಿ.

ವಿಡಿಯೊದಲ್ಲಿ ಮೋಹನ್ ಹೇಳುತ್ತಿದ್ದ. "ಫ್ರೆಂಡ್ಸ್, ಈ ಲಾಳಿ ಟೆಕ್ನಿಕ್ಕು ನಮ್ ಬಾವಂದು. ಬಾವ, ಎಲ್ಲಿ ಕಲ್ತೆ ಇದ್ನ?"

"ಎಲ್ಲೂ ಇಲ್ಲ ಕಣ್ಲಾ, ನಾನೇ ಮಾಡ್ಕಂಡಿದ್ದು."

"ನಿಮ್ಮಕ್ಕನೂ ಆಡ್ತರಂತಲ್ಲ? ಟೀಮ್ಗೆ ಒಬ್ರು ಕಮ್ಮಿ ಅವ್ರೆ, ಕರಿಯದಲ್ವಾ?"

ಪ್ರಸಾದು ನಕ್ಕ. "ಅವ್ಳ್ಯಾಕ್ಲಾ? ಸೀರೆ ಅಂಚು ಬರ್ಕಂಡವ್ಳೆ, ಇರ್ಲಿ. ಟೀಮಲ್ಲಿ ಅಕ್ಕನ್ನ ಇಟ್ಕಂಡು ಆಡಿದ್ರೆ ನೋಡೋ ಜನ ಉಗೀತರೆ."

ಕೆಳಗೆ ದಿನಾಂಕ ಇತ್ತು. ದೀಪಾವಳಿ ಅಮಾವಾಸ್ಯೆಯ ದಿನ, ಹಾಡುಹಗಲು. ಕಾಲಿಡಲು ಜಾಗವಿಲ್ಲದ ಅಂಗಡಿಯಲ್ಲಿ ಒಬ್ಬ ಗಿರಾಕಿಯ ಕೆಮ್ಮೂ ಕೇಳಿಸುತ್ತಿರಲಿಲ್ಲ. ಶಟರ್ ಎಳೆದುಕೊಂಡೇ ಕೂತಿದ್ದಿರಬೇಕು.

ಹೊಸ ಆಟ ಆಡಲಿ, ಬಾಮೈದನ ಜೊತೆಗೇ ಆಡಲಿ, ಯಾರು ಬೇಡ ಎಂದರು? 'ಅಕ್ಕ, ನಿನ್ನ ಜೊತೆ ಆಡಲು ನಾಚಿಕೆಯಾಗುತ್ತದೆ' ಎಂದು ಮುಖದ ಮೇಲೆ ಹೇಳಿದ್ದರೆ ಅಳುತ್ತಿದ್ದಳು, ಎರಡು ದಿನಕ್ಕೆ ಸರಿಹೋಗುತ್ತಿದ್ದಳು. ಆದರೆ ಆ ಕೂಗು? ಅವನ ಕಿವಿ ಉಳಿಸಲು ಅವಳು ಕಟ್ಟಿದ ಕೂಗು ಅದು. ಅದನ್ನು ಎತ್ತಿಕೊಂಡು ಹೋಗಿ ಇನ್ನೊಬ್ಬನ ಬಾಯಿಗೆ ಹಾಕಿ, 'ನಾನೇ ಮಾಡ್ಕಂಡಿದ್ದು' ಎಂದನಲ್ಲ. ಆದರೂ ಮನಸ್ಸಿನ ಮೂಲೆಯಲ್ಲಿ ಒಂದು ಮಾತು ಇಣುಕುತ್ತಿತ್ತು. ಗೌರಿ ಹಬ್ಬದ ದಿನ ನಿಜವಾಗಿಯೇ ಹೇಳಿದ್ದನೇನೋ, ಆಮೇಲೆ ಮೋಹನ್ ಆಸೆ ಹಚ್ಚಿ ಕಾರ್ಡ್ ಹಾಕಿಸಿರಬೇಕು. ಆಣೆ ಮಾಡುವಾಗ ಸುಳ್ಳಾಡಿರಲಾರ, ಮಗ್ಗದ ಮೇಲೆ ಕೈಯಿಟ್ಟಿದ್ದನಲ್ಲ.

ಮಾರನೆಯ ದಿನ ಜರಿ ತರುತ್ತೇನೆಂದು ಅವ್ವನಿಗೆ ಹೇಳಿ ಯಳಂದೂರಿನ ಬಸ್ಸು ಹತ್ತಿದಳು. ಎರಡು ಕಾರ್ಡಿನ ಯೋಚನೆ ಬಿಟ್ಟಾಗಿತ್ತು. ಒಂದು ಬೇಕು, ತನಗೆ, ಅಷ್ಟೆ.

ಬಳೇಮಂಟಪದ ಹತ್ತಿರದ ಸಂದಿಯಲ್ಲಿ ಮಂಟೇಸ್ವಾಮಿಯ ಅಂಗಡಿ. ಹೊನ್ನೂರಿನವನು, ಹಳೆಯ ಕಂಪ್ಯೂಟರ್ ಬಿಡಿಭಾಗ ತಂದು ಮಾರುತ್ತಾನೆ. ಎಂಟು ವರ್ಷದ ಹಿಂದೆ ಅಕ್ಕ ತಮ್ಮ ಇಬ್ಬರೂ ಇವನ ಹತ್ತಿರವೇ ಬಂದು ಮಿಷಿನ್‌ಗೆ ಬೇಕಾದದ್ದೆಲ್ಲ ಒಯ್ದಿದ್ದರು. ಅವಳನ್ನು ನೋಡುತ್ತಲೇ ಮುಖ ಅರಳಿಸಿದ.

"ಬನ್ನಿ ಅಕ್ಕ. ಕೊನ್ಗೂ ಮನಸ್ ಮಾಡುದ್ರಾ? ತಮ್ಮಾರು ತಕಂಡೋದ್ರಲ್ಲ, ಅದರ ಜೊತೆದು ಇನ್ನೊಂದು ಇಲ್ಲೇ ಅದೆ ನೋಡಿ. ಎರಡೂ ಒಂದೇ ಕಡೆಯಿಂದ ಬಂದಿದ್ವು. ಎರಡ್ನೂ ತಕಳಿ, ಅಕ್ಕಾರಿಗೊಂದು ಆಯ್ತದೆ ಅಂದೆ. ಅಕ್ಕಂಗೆ ಬ್ಯಾಡ ಅಂದ್ಬುಟ್ರು."

"ಯಾವಾಗ ಬಂದಿದ್ದ?"

"ಗೌರಿ ಅಬ್ಬದ ದಿನ ಕಣಕ್ಕ. ಇಲ್ಲೇ ಪಕ್ಕದಲ್ಲಿ ನಿಮ್ಗೆ ಅಂತ ಅಸ್ರು ಬಳೆ ತಕಂಡ್ರು. ಕಾರ್ಡ್ನ ನಾನೇ ಬಟ್ಟೇಲಿ ಸುತ್ತಿ ಕಪ್ ಬ್ಯಾಗಲ್ಲಿ ಮಡಗಿ ಕೊಟ್ಟೆ. ಒಡ್ದೋದದು ಉಸಾರು ಅಂದೆ. ಅಂಗೇ ಕೊಳ್ಳೇಗಾಲದ ಬಸ್ ಅತ್ತುದ್ರು."

ಕುಸುಮ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತಳು. ಮಗ್ಗದ ಪಕ್ಕ ಗೋಡೆಗೆ ಒರಗಿಸಿದ್ದ ಬ್ಯಾಗು. ಅದರಿಂದ ಒಂದು ಮಾರು ದೂರದಲ್ಲಿ ನಿಂತು, ಮಗ್ಗದ ಮರದ ಮೇಲೆ ಅಂಗೈ ಊರಿ ಆಣೆ ಮಾಡಿದ್ದ. ಮಾತು ಆಮೇಲೆ ಮುರಿದದ್ದಲ್ಲ, ಹುಟ್ಟುವಾಗಲೇ ಸತ್ತು ಹುಟ್ಟಿತ್ತು. ಕೈಯಲ್ಲಿದ್ದ ಹಸಿರು ಬಳೆಗಳನ್ನು ಅವಳು ಒಂದೊಂದೇ ಸರಿಸಿ ನೋಡಿದಳು. ಇವನ್ನು ತಂದುಕೊಟ್ಟ ಕೈಯೇ ಆ ಬ್ಯಾಗಿನ ಜಿಪ್ಪು ಎಳೆದಿತ್ತು.

"ನೀರ್ ಕೊಡ್ಲಾ ಅಕ್ಕ?" ಎಂದ ಮಂಟೇಸ್ವಾಮಿ.

"ಬ್ಯಾಡ. ಆ ಕಾರ್ಡ್ ಕೊಡಿ."

ಬಸ್ಸಿನಲ್ಲಿ ಕೂತು ತಮ್ಮನಿಗೆ ಫೋನು ಮಾಡಿದಳು. ಯಾಕೆಂದರೆ ಅಕ್ಕ ಅಲ್ಲವೇ, ಇನ್ನೊಂದು ಅವಕಾಶ ಕೊಡದೆ ಬಿಡಲು ಮನಸ್ಸು ಬರಲಿಲ್ಲ. "ಪ್ರಸಾದು, ಒಸ ಕೋಟೆ ಎಂಗದ್ಲಾ? ನೋಡ್ದಾ?"

"ಯಾರಿಗ್ಗೊತ್ತಕ್ಕ? ನಾನು ಅದ್ರ ಕಡೆ ತಿರುಗೂ ನೋಡಿಲ್ಲ" ಎಂದ. ದನಿಯಲ್ಲಿ ಒಂದು ಎಳೆಯೂ ನಡುಗಲಿಲ್ಲ. ಇಷ್ಟು ಸಲೀಸಾಗಿ ಸುಳ್ಳು ಹೇಳುವುದನ್ನು ಯಾವಾಗ ಕಲಿತ ಇವನು?

ಮನೆಗೆ ಬಂದು ಮಿಷಿನ್‌ನ ಮಗ್ಗುಲು ತೆಗೆದಳು. ಹಳೆಯ ಕಾರ್ಡ್ ತೆಗೆದು, ಧೂಳು ಒರೆಸಿ, ಹೊಸದನ್ನು ಕೂರಿಸಿದಳು. ಎಸ್‌ಎಂಪಿಎಸ್ ಅದೇ ಸಾಕಾಯಿತು. ಡಬ್ಬದಲ್ಲಿ ಇನ್ನೂ ಎರಡು ಬೆರಳು ಜಾಗ ಉಳಿಯಿತು. ಕೊಟ್ಟಿಗೆ ಬಾಗಿಲು ಒಡೆಸುವ ಮಾತೇ ಬರಲಿಲ್ಲ. ತಡೆಯುವುದಿಲ್ಲ ಎಂದ ಮಿಷಿನ್‌ನಲ್ಲಿ ಹೊಸ ಕೋಟೆ ನೀರು ಹರಿದ ಹಾಗೆ ಓಡಿತು. ಎಷ್ಟು ಚೆಂದವಿತ್ತು! ಗೋಡೆಯ ಮೇಲೆ ಪಾಚಿ, ಬಾ ಎಂದರೆ ಬರುವಂಥ ಮೋಡ. ಆ ಚೆಂದವೆಲ್ಲ ಅವಳಿಗೆ ಕಹಿ ಹತ್ತಿತು. ಆಟ ಹೆಸರು ಕೇಳಿತು. ಹಾಸು ಎಂದು ಅರ್ಧ ಬರೆದು, ಅಳಿಸಿ, 'ಕತ್ತರಿ' ಎಂದು ಬರೆದಳು. ನೇಯ್ದು ಮುಗಿದ ಸೀರೆಯನ್ನು ಮಗ್ಗದಿಂದ ಬಿಡಿಸುವುದು ಅದೇ ತಾನೇ.

ಮೂರು ವಾರ ಮಧ್ಯಾಹ್ನದ ಬಿಡುವಿನಲ್ಲೆಲ್ಲ ಒಬ್ಬಳೇ ಆಡಿ ಕೈ ಪಳಗಿಸಿಕೊಂಡಳು. ಮೋಹನ್ ಪ್ರತಿ ಅಮಾವಾಸ್ಯೆ ಒಂದು ಆಟ ಏರ್ಪಡಿಸಿ ನೇರಪ್ರಸಾರ ಮಾಡುತ್ತಿದ್ದ. ಬೇಕಾದವರು ಎದುರು ತಂಡಕ್ಕೆ ಸೇರಬಹುದು, ಅವನು ವಿಡಿಯೊದಲ್ಲಿ ತೋರಿಸುವ ನಂಬರ್ ಒತ್ತಿದರೆ ಆಯಿತು. ಎಳ್ಳಮಾವಾಸ್ಯೆಯ ದಿನ ಬೆಳಗ್ಗೆ ಪ್ರಸಾದುವಿನಿಂದ ಮೆಸೇಜ್ ಬಂತು. 'ಅಕ್ಕ, ಇವತ್ತೂ ಬೋ ರಶ್ಶು. ಮುಂದಿನ್ ಅಮಾಸೆ.' ಹತ್ತು ಗಂಟೆಗೆ ಕುಸುಮ ನಂಬರ್ ಒತ್ತಿದಳು. ಪಕ್ಕದಲ್ಲಿ ಫೋನನ್ನು ನಿಲ್ಲಿಸಿ ಮೋಹನ್‌ನ ವಿಡಿಯೊವನ್ನೂ ಹಾಕಿಕೊಂಡಳು.

ಅವಳ ಲೆಕ್ಕಾಚಾರ ಸರಳವಾಗಿತ್ತು. ಲಾಳಿ ಎಂದರೇನೆಂದು ಶತ್ರುಗಳಲ್ಲಿ ಅವಳೊಬ್ಬಳಿಗೇ ಗೊತ್ತು. ಅವನು ಕೂಗಿದ ಕೂಡಲೇ ಎಲ್ಲಿಂದ ಎಲ್ಲಿಗೆ ಓಡುತ್ತಾನೆಂದು ತಿಳಿಯುತ್ತದೆ. ಮರೆಯಲ್ಲಿ ನಿಂತು ಒಂದೇ ಗುಂಡು. ನೋಡುವ ಜನರೆದುರು ಹನೂರು ಹುಲಿ ಬಯಲಲ್ಲಿ ಬೀಳಬೇಕು. ಆಗ ಮೈಕಿನಲ್ಲಿ ಹೇಳಬೇಕು, ಸೀರೆ ಅಂಚು ಬರೆಯುವವಳು ಹೊಡೆದದ್ದು ಎಂದು. ಆ ಮಾತನ್ನು ಹದಿನೈದು ದಿನದಿಂದ ಮಗ್ಗದ ಮುಂದೆ ಬಾಯಿಪಾಠ ಮಾಡಿದ್ದಳು.

ಆಟ ಏರಿತು. ಅವಳ ಕಡೆ ಎಲ್ಲರೂ ಬಿದ್ದರು, ಅವಳೊಬ್ಬಳು ಉಳಿದಳು. ಆ ಕಡೆ ಪ್ರಸಾದು, ಮೋಹನ್. ಬಯಲಿನ ಬಲಗಡೆ ಮುರಿದ ಗೋಡೆಯ ಹಿಂದೆ ಅವಳು ಕುಕ್ಕರಿಸಿದ್ದಳು. ಎಡಗಡೆಯ ಬುರುಜಿನಿಂದ ದನಿ ಬಂತು.

"ಲಾಳಿ ಬುಟ್ಟೆ!"

"ಇಡ್ದೆ" ಎಂದಳು ಕುಸುಮ.

ಹೇಳಬೇಕೆಂದು ಹೇಳಿದ್ದಲ್ಲ. ಇಷ್ಟು ವರ್ಷ ಆ ಕೂಗಿಗೆ ಬೇರೆ ಉತ್ತರವನ್ನೇ ಕೊಡದ ಬಾಯಿ ತಾನಾಗಿ ಹೇಳಿಬಿಟ್ಟಿತು. ಬಾಯಿಯ ಹಿಂದೆ ಕೈಯೂ ಹೋಯಿತು. ಮರೆ ಬಿಟ್ಟು ಬಯಲಿಗೆ ಬಂದು, ಓಡಿಬರುವವನಿಗೆ ಬೆನ್ನು ಕೊಟ್ಟು, ಅವನ ಮೇಲೆ ಯಾರೂ ಗುಂಡು ಹಾರಿಸದ ಹಾಗೆ ಬಂದೂಕನ್ನು ಆಚೆ ತಿರುಗಿಸಿ ನಿಂತಿದ್ದಳು. ತಾನು ಕತ್ತರಿ ಎಂಬುದೇ ಅವಳಿಗೆ ಮರೆತುಹೋಗಿತ್ತು.

ಬೆನ್ನ ಹಿಂದೆ ಓಡುವ ಹೆಜ್ಜೆ ನಿಂತಿತು. ಅವನು ಹೊಡೆಯಲಿಲ್ಲ. ಆ ದನಿ ಯಾರದೆಂದು ಅವನಿಗೆ ಗೊತ್ತಾಗಿತ್ತು. ಗೊತ್ತಾಗದೆ ಇರುತ್ತದೆಯೇ? ಅವಳು ಕಾದಳು. ಒಂದೇ ಒಂದು ಸಲ ಅಕ್ಕಾ ಎಂದಿದ್ದರೆ ಬ್ಯಾಗು, ಆಣೆ, ಅಮಾವಾಸ್ಯೆ ಎಲ್ಲವನ್ನೂ ಅಲ್ಲೇ ಬಿಟ್ಟುಬಿಡುತ್ತಿದ್ದಳು.

ಮೋಹನ್‌ನ ದನಿ ಬಂತು. "ಬಾವ, ಅದ್ಯಾವ್ದೋ ಎಣ್ ದನಿ ಇಡ್ದೆ ಅಂತಲ್ಲ? ಯಾರ್ ಬಾವ ಅದು?"

"ಯಾರೋ, ಗೊತ್ತಿಲ್ಲ ಕಣ್ಲಾ" ಎಂದ ಪ್ರಸಾದು. ಹೇಳಿ, ಬೆನ್ನಿಗೆ ಹೊಡೆದ.

ಪರದೆ ಕೆಂಪಾಯಿತು. ಹನೂರು ಹುಲಿಯಿಂದ ಕತ್ತರಿ ಹತ, ಎಂದು ಬಂತು. ಬಾಯಿಪಾಠ ಮಾಡಿದ್ದ ಮಾತು ಬಾಯಲ್ಲೇ ಉಳಿಯಿತು. ಫೋನಿನೊಳಗೆ ಮೋಹನ್ ಚಪ್ಪಾಳೆ ತಟ್ಟುತ್ತಿದ್ದ. ಕುಸುಮ ಹೆಡ್‌ಫೋನ್ ತೆಗೆದಿಟ್ಟಳು. ಆಟದಲ್ಲಿ ಸಾವಿರ ಸಲ ಸತ್ತಿದ್ದಾಳೆ, ಒಮ್ಮೆಯೂ ನೋವಾಗಿರಲಿಲ್ಲ. ಈ ಸಲ ಎರಡು ಭುಜದ ನಡುವೆ ನಿಜವಾಗಿಯೂ ಏನೋ ಚುಚ್ಚಿದ ಹಾಗಾಗಿ ಕೈ ಹಿಂದಕ್ಕೆ ಹೋಯಿತು.

ಹತ್ತು ನಿಮಿಷಕ್ಕೆ ಫೋನು ಬಂತು. ತೆಗೆದಳು.

"ಅಕ್ಕ, ಏನ್ ಮಾಡ್ತಾ ಇದ್ದಿಯೆ? ಈಗ್ ತಾನೆ ಜನ ಕಮ್ಮಿ ಆದ್ರು. ಅದೇನ್ ರಶ್ಶು ಅಂತೀಯ, ಮಾದಪ್ಪ ಮಾದಪ್ಪ! ನೀನು... ಇವತ್ತೇನಾರ ಆಡ್ದಾ?" ಹುಷಾರಾಗಿ ಒಂದೊಂದೇ ಹೆಜ್ಜೆ ಇಟ್ಟು ಬರುತ್ತಿದ್ದ. ಅವಳಿಗೆ ಎಷ್ಟು ಗೊತ್ತು ಎಂದು ಅಳೆಯುತ್ತಿದ್ದ.

"ಇಲ್ಲ ಕಣ್ಲಾ" ಎಂದಳು. "ನಂದು ಅಳೇ ಮಿಷಿನ್ನಲ್ವಾ. ತಡ್ಯಾಕಿಲ್ಲ."

ಅವಳು ಫೋನು ಇಟ್ಟಳು. ಎದ್ದು ಹೋಗಿ ಮಗ್ಗದ ಮನೆಯಲ್ಲಿ ಕೂತಳು. ಅಮಾವಾಸ್ಯೆ, ಮಗ್ಗ ಮುಟ್ಟುವಂತಿಲ್ಲ. ಅವನು ಅಂಗೈ ಊರಿದ್ದ ಮರವನ್ನು ನೋಡುತ್ತಾ ಕೂತಳು, ಅಷ್ಟೆ. ಹಾಸು ಹರಿದಿರಲಿಲ್ಲ. ಆಣೆ ತಪ್ಪಿದವರನ್ನು ಮಗ್ಗ ಬಿಡುವುದಿಲ್ಲ ಎಂದಿದ್ದ ಅಜ್ಜಿಯ ಮಾತೂ ಸುಳ್ಳಾಗಿತ್ತು.

ಒಗೆದ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಸೋಮಮ್ಮ ಒಳಗೆ ಬಂದರು. ಕೋಣೆಯಲ್ಲಿ ಫೋನು ಮತ್ತೆ ಬಡಿದುಕೊಳ್ಳುತ್ತಿತ್ತು. ನಿಂತಿತು, ಮತ್ತೆ ಶುರುವಾಯಿತು. ಅದು ಪ್ರಸಾದುವಿನ ಹೆಸರಿಗೆ ಅವಳೇ ಹಾಕಿಟ್ಟಿದ್ದ ಬೇರೆ ರಿಂಗು, ಲಾಳಿ ಓಡುವ ಟಕ್ ಟಕ್ ಸದ್ದು.

"ಆಗ್ಲಿಂದ ಬಡ್ಕತಾ ಅದಲ್ಲಮ್ಮಿ. ಯಾರ್ದು ಫೋನು?" ಎಂದು ಸೋಮಮ್ಮ ಕೇಳಿದರು.

ಕುಸುಮ ಮುಂಗೈಯ ಹಸಿರು ಬಳೆಗಳನ್ನು ಒಂದೊಂದೇ ಬಿಚ್ಚಿ ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದಳು. ತಲೆ ಎತ್ತಲಿಲ್ಲ.

"ಯಾರೋ, ಗೊತ್ತಿಲ್ಲ ಕಣವ್ವ" ಎಂದಳು.